ಬೋರ್ಡಿನಲ್ಲಿರುವ ‘ಕೆ2-18ಬಿ’ ಸುದ್ದಿಯನ್ನು ಕೀಳಲೇ, ಬಿಡಲೇ?

ನಲ್ಲಿ_ಪಕ್ಕದ_ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಶಾಲೆಯಲ್ಲಿ ಕುಡಿಯುವ ನೀರಿನ ನಲ್ಲಿಯ ಪಕ್ಕ ಒಂದು ಹಸಿರು ಬಟ್ಟೆಯ ಬೋರ್ಡ್ ಇದೆ. ಅರ್ಧ ಭಾಗದಲ್ಲಿ ಸ್ಕಾಲರ್‌ಶಿಪ್ ಪಟ್ಟಿ, ಪರೀಕ್ಷೆ ವೇಳಾಪಟ್ಟಿ. ಉಳಿದರ್ಧ ನನ್ನದು. ಪೇಪರಿನಲ್ಲೋ ನೆಟ್‌ನಲ್ಲೋ ಒಳ್ಳೆಯ ವಿಜ್ಞಾನದ ಸುದ್ದಿ ಸಿಕ್ಕರೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅಲ್ಲಿ ಪಿನ್ ಚುಚ್ಚುತ್ತೇನೆ. ಅದರದೇ ಫೋಟೊ ಪಾಲಕರ ವಾಟ್ಸಾಪ್ ಗ್ರೂಪಿಗೂ ಹೋಗುತ್ತದೆ. ನೀರಿಗೆ ಬಂದ ಮಕ್ಕಳು ಬಾಟಲಿ ತುಂಬುವಷ್ಟು ಹೊತ್ತು ಓದುತ್ತಾರೆ. ಹಾಗಾಗಿ ನಾಲ್ಕು ಸಾಲಿಗಿಂತ ಜಾಸ್ತಿ ಬರೆದರೆ ದಂಡ.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದಾಗ ಹಾಕಿದ್ದು ಕೆ2-18ಬಿ ಗ್ರಹದ ಸುದ್ದಿ. ನೆನಪಿರಬಹುದು, 2025ರ ಏಪ್ರಿಲ್‌ನಲ್ಲಿ ಎಲ್ಲ ಕಡೆ ಬಂದಿತ್ತು. ಸಿಂಹ ರಾಶಿಯ ದಿಕ್ಕಿನಲ್ಲಿ 124 ಜ್ಯೋತಿರ್ವರ್ಷ ದೂರದಲ್ಲಿ ಒಂದು ಗ್ರಹ. ಭೂಮಿಯ 8.6 ಪಟ್ಟು ತೂಕ, 2.6 ಪಟ್ಟು ಅಗಲ. ಒಂದು ಕೆಂಪು ಕುಬ್ಜ ನಕ್ಷತ್ರವನ್ನು 33 ದಿನಕ್ಕೊಮ್ಮೆ ಸುತ್ತುತ್ತದೆ. ಅದರ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವು ಜೇಮ್ಸ್ ವೆಬ್ ದೂರದರ್ಶಕಕ್ಕೆ ಸಿಕ್ಕಿದೆ ಅಂತ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ತಂಡ ಹೇಳಿತ್ತು. ಭೂಮಿಯಲ್ಲಿ ಆ ಅನಿಲ ಬರುವುದು ಹೆಚ್ಚಾಗಿ ಸಮುದ್ರದಲ್ಲಿ ತೇಲುವ ಸೂಕ್ಷ್ಮ ಜೀವಿಗಳಿಂದ. ಕಡಲ ದಡದ ಆ ವಾಸನೆಯಲ್ಲಿ ಇದರ ಪಾಲೂ ಇದೆ. ನಾನು ಬರೆದ ತಲೆಬರಹ: ‘ದೂರದ ಗ್ರಹದಲ್ಲಿ ಜೀವದ ಸುಳಿವು?’ ಪ್ರಶ್ನೆ ಚಿಹ್ನೆಯನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿಯೇ ಹಾಕಿದ್ದೆ.

ಈಚೆಗೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬಂದು, “ಸರ್, ಅದು ಸುಳ್ಳ ಐತಂತ್ರೀ, ತೆಗೀರಿ” ಅಂದಳು. ಅಣ್ಣನ ಫೋನಿನಲ್ಲಿ ವಿಡಿಯೊ ನೋಡಿದ್ದಳಂತೆ. ‘ಏಲಿಯನ್ ಸುದ್ದಿ ಠುಸ್’ ಅಂತ ಏನೋ ಹೆಸರು. ನಮ್ಮ ಗಣಿತದ ಮೇಷ್ಟ್ರು ಅಲ್ಲೇ ಇದ್ದರು. “ಇದಕ್ಕೇ ಪಠ್ಯಪುಸ್ತಕದಲ್ಲಿ ಇರುವುದನ್ನು ಮಾತ್ರ ಹಾಕಬೇಕು” ಅಂದರು. ಅವರು ಯಾವತ್ತೂ ಹಾಗೇ. ಆದರೆ ಹುಡುಗಿಯ ಮಾತು ನನಗೆ ತಲೆಯಲ್ಲಿ ಉಳಿಯಿತು. ಮನೆಗೆ ಹೋಗಿ ಹುಡುಕಿದೆ. ಬೇರೆ ತಂಡಗಳು ತಕರಾರು ಎತ್ತಿರುವುದು ನಿಜ. ಆದರೆ ‘ಸುಳ್ಳು’ ಅಂತ ಯಾರೂ ಹೇಳಿದ ಹಾಗೆ ಕಾಣಲಿಲ್ಲ. ‘ಸಾಕ್ಷಿ ಸಾಲದು’ ಅನ್ನುತ್ತಿದ್ದಾರೆ. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ? ಅದನ್ನು ನಾಲ್ಕು ಸಾಲಿನಲ್ಲಿ ಹೇಗೆ ಹೇಳುವುದು?

ನನ್ನ ಪ್ರಶ್ನೆ ಸರಳ. ಆ ಹಾಳೆಯನ್ನು ಕೀಳಲೇ, ಬಿಡಲೇ? ಮುಂದೆ ಇಂಥ ಸುದ್ದಿ ಬಂದರೆ ಎಲ್ಲ ಇತ್ಯರ್ಥ ಆಗುವವರೆಗೆ ಕಾಯಬೇಕೇ? ಕಾದರೆ ಅಷ್ಟರಲ್ಲಿ ಈ ಮಕ್ಕಳು ಪಿಯುಸಿ ಮುಗಿಸಿರುತ್ತಾರೆ. ಬಿಸಿ ಇದ್ದಾಗ ಹಾಕಿದರೆ ಓದುತ್ತಾರೆ, ಆರಿದ ಮೇಲೆ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ.

---

ಬೆಳಗಿನ_ವಾಕಿಂಗ್:

ಮೇಷ್ಟ್ರೇ, ಕಿತ್ತು ಹಾಕಿ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಮೈಸೂರಿನವನು, ಬ್ಯಾಂಕಿನಿಂದ ರಿಟೈರ್ ಆದವನು. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಆಗಸ್ಟ್ ಬಂತೆಂದರೆ ಒಂದು ಮೆಸೇಜ್ ತಪ್ಪದೇ ಬರುತ್ತದೆ. ‘ಆಗಸ್ಟ್ 27ರ ರಾತ್ರಿ ಮಂಗಳ ಗ್ರಹ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ, ಆಕಾಶದಲ್ಲಿ ಎರಡು ಚಂದ್ರ, ಮಕ್ಕಳಿಗೆ ತಪ್ಪದೇ ತೋರಿಸಿ.’ ಹಾಕುವವರು ಪಾಪ ಒಳ್ಳೆಯವರೇ. ಒಬ್ಬರು ಟೆರೇಸ್ ಮೇಲೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಾದಿದ್ದೂ ಉಂಟು. ಮಂಗಳ ಕಾಣಲಿಲ್ಲ, ಸೊಳ್ಳೆ ಕಚ್ಚಿತು. ಆಮೇಲೆ ನಿಜವಾದ ಗ್ರಹಣದ ಸುದ್ದಿ ಹಾಕಿದರೂ ಜನ ನಗುತ್ತಾರೆ. ಒಂದು ಸಲ ನಂಬಿಕೆ ಹೋದರೆ ಹೋಯಿತು. ಮಕ್ಕಳ ವಿಷಯದಲ್ಲಂತೂ ಖಾತ್ರಿ ಇರುವುದನ್ನೇ ಹಾಕಬೇಕು. ಗ್ರಹದಲ್ಲಿ ಜೀವ ಇದೆಯೋ ಇಲ್ಲವೋ ಗೊತ್ತಾದ ಮೇಲೆ ಹಾಕಿದರಾಯಿತು. 124 ಜ್ಯೋತಿರ್ವರ್ಷ ದೂರ ಇರುವುದಕ್ಕೆ ಅವಸರ ಏನಿದೆ?

---

ಗ್ರಾಫ್_ಎಲ್ಲಿ:

ಕೀಳಬೇಡಿ ಸರ್. ಪಕ್ಕದಲ್ಲಿ ಇನ್ನೊಂದು ಹಾಳೆ ಚುಚ್ಚಿ.

ಮೊದಲು ವಾಕಿಂಗ್ ಸಾಹೇಬರ ಮಂಗಳದ ವಿಷಯ. ಆ ಮೆಸೇಜ್ ಹುಟ್ಟಿದ್ದು 2003ರಲ್ಲಿ. ಆ ವರ್ಷ ಆಗಸ್ಟ್ 27ಕ್ಕೆ ಮಂಗಳ ನಿಜವಾಗಿಯೂ ತುಂಬ ಹತ್ತಿರ ಬಂದಿತ್ತು, ಸುಮಾರು 5.6 ಕೋಟಿ ಕಿಲೋಮೀಟರ್. ಮೂಲದಲ್ಲಿ ಇದ್ದದ್ದು ಏನೆಂದರೆ, 75 ಪಟ್ಟು ದೊಡ್ಡದು ಮಾಡುವ ದೂರದರ್ಶಕದಲ್ಲಿ ಮಂಗಳವನ್ನು ನೋಡಿದರೆ ಬರಿಗಣ್ಣಿಗೆ ಹುಣ್ಣಿಮೆ ಚಂದ್ರ ಕಾಣುವಷ್ಟು ದೊಡ್ಡದಾಗಿ ಕಾಣುತ್ತದೆ ಅಂತ. ಫಾರ್ವರ್ಡ್ ಆಗುತ್ತಾ ಆಗುತ್ತಾ ದೂರದರ್ಶಕ ಬಿದ್ದುಹೋಯಿತು, ವರ್ಷವೂ ಬಿದ್ದುಹೋಯಿತು. ಚಂದ್ರ ಮಾತ್ರ ಉಳಿದ. ಅದು ಕೆಟ್ಟುಹೋದ ಸುದ್ದಿ. ಅದನ್ನು ಕೀಳಲೇಬೇಕು, ನಾನೂ ಒಪ್ಪುತ್ತೇನೆ.

ಕೆ2-18ಬಿ ಹಾಗಲ್ಲ. ಅದು ನಡೆಯುತ್ತಿರುವ ಜಗಳ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕಡಿಮೆ ತಾಪಮಾನದ ಅಳತೆ ಮಾಡುವ ಕೆಲಸದಲ್ಲಿದ್ದೇನೆ. ಖಗೋಳದವನಲ್ಲ. ಆದರೆ ಸಣ್ಣ ಸಿಗ್ನಲ್ಲನ್ನು ಅಳತೆಯಲ್ಲಿ ಸುಮ್ಮನೆ ಬರುವ ಏರಿಳಿತದಿಂದ, ಅಂದರೆ ನಾಯ್ಸ್‌ನಿಂದ ಹೆಕ್ಕುವ ಕಷ್ಟ ಎಲ್ಲ ಕಡೆ ಒಂದೇ. ಇಲ್ಲಿ ಆಗಿದ್ದು ಏನು ನೋಡಿ. ಆ ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಒಂಚೂರು ಕಡಿಮೆಯಾಗುತ್ತದೆ. ಗ್ರಹಕ್ಕೆ ವಾತಾವರಣ ಇದ್ದರೆ, ಅದರಲ್ಲಿರುವ ಅನಿಲ ಕೆಲವು ಬಣ್ಣಗಳ ಬೆಳಕನ್ನು ಜಾಸ್ತಿ ನುಂಗುತ್ತದೆ. ಯಾವ ಬಣ್ಣದಲ್ಲಿ ಎಷ್ಟು ನುಂಗಿತು ಅಂತ ಗ್ರಾಫ್ ಮಾಡುತ್ತಾರೆ. 2023ರಲ್ಲಿ ಇದೇ ತಂಡ ಇದೇ ಗ್ರಹದಲ್ಲಿ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಕಂಡಿದ್ದೇವೆ ಅಂದಿತ್ತು. ಡೈಮೀಥೈಲ್ ಸಲ್ಫೈಡ್‌ನ ಸಣ್ಣ ಅನುಮಾನ ಆಗಲೇ ಇತ್ತು. 2025ರಲ್ಲಿ ವೆಬ್‌ನ ಬೇರೊಂದು ಉಪಕರಣ ಹಿಡಿದು, 6ರಿಂದ 12 ಮೈಕ್ರಾನ್ ಅಲೆಯುದ್ದದಲ್ಲಿ (ಕಣ್ಣಿಗೆ ಕಾಣದ ಬೆಳಕಿನಲ್ಲಿ) ಇನ್ನೊಮ್ಮೆ ನೋಡಿದರು. ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಸೋದರ ಡೈಮೀಥೈಲ್ ಡೈಸಲ್ಫೈಡ್, ಅಥವಾ ಎರಡೂ ಇವೆ, ಮೂರು ಸಿಗ್ಮಾ ಮಟ್ಟದಲ್ಲಿ ಅಂದರು.

ಆ ಪ್ರಬಂಧದ ಗ್ರಾಫ್ ನೀವು ನೋಡಿದ್ದೀರಾ? ಸುದ್ದಿಯ ಜೊತೆ ಬಂದ ಚಿತ್ರ ಅಲ್ಲ. ನೀಲಿ ಸಮುದ್ರ, ಕೆಂಪು ಸೂರ್ಯ ಇರುವುದು ಕಲಾವಿದರ ಕಲ್ಪನೆ. ನಾನು ಹೇಳುತ್ತಿರುವುದು ಚುಕ್ಕಿಗಳಿರುವ ಗ್ರಾಫ್. ಪ್ರತಿ ಚುಕ್ಕಿಯ ಮೇಲೂ ಕೆಳಗೂ ಒಂದು ಉದ್ದ ಗೆರೆ ಇರುತ್ತದೆ, ಎರರ್ ಬಾರ್. ‘ನಿಜವಾದ ಬೆಲೆ ಈ ಗೆರೆಯ ಆಸುಪಾಸಿನಲ್ಲಿ ಎಲ್ಲಾದರೂ ಇರಬಹುದು’ ಅಂತ ಅದರ ಅರ್ಥ. ಚುಕ್ಕಿಗಳ ನಡುವೆ ಒಂದು ಅಂಕುಡೊಂಕು ಗೆರೆ ಎಳೆದಿದ್ದಾರೆ. ಅದು ಡೈಮೀಥೈಲ್ ಸಲ್ಫೈಡ್ ಇದ್ದರೆ ಹೇಗೆ ಕಾಣಬೇಕೋ ಆ ಗೆರೆ. ಅದರ ಕಡೆ ನೋಡುತ್ತಾ ಹೋದರೆ ‘ಹೌದಲ್ಲ, ಸರಿಯಾಗೇ ಕೂತಿದೆ’ ಅನ್ನಿಸುತ್ತದೆ.

ಈಗ ಹೀಗೆ ಮಾಡಿ. ಆ ಅಂಕುಡೊಂಕು ಗೆರೆ ತೆಗೆದು, ಬರೀ ಚುಕ್ಕಿ ಮತ್ತು ಎರರ್ ಬಾರ್ ಇರುವ ಹಾಗೆ ದೊಡ್ಡ ಹಾಳೆಯಲ್ಲಿ ಬಿಡಿಸಿ. ಆ ಹುಡುಗಿಯ ಕೈಗೆ ಒಂದು ಸ್ಕೇಲ್ ಕೊಡಿ. ‘ಇವುಗಳ ಮಧ್ಯೆ ಒಂದು ನೆಟ್ಟಗಿನ ಗೆರೆ ಎಳಿ. ಎಷ್ಟು ಬಾರ್‌ಗಳನ್ನು ಮುಟ್ಟಿಸುತ್ತೀ ನೋಡೋಣ’ ಅನ್ನಿ. ಆಕ್ಸ್‌ಫರ್ಡ್‌ನ ಜೇಕ್ ಟೇಲರ್ ಮಾಡಿದ್ದು ಸುಮಾರಾಗಿ ಇದೇ. ಅವರು ಸ್ಕೇಲ್ ಹಿಡಿಯಲಿಲ್ಲ, ಲೆಕ್ಕ ಹಾಕಿದರು ಅಷ್ಟೆ. ಏಪ್ರಿಲ್ ಮುಗಿಯುವ ಮೊದಲೇ ಅವರ ಉತ್ತರ ಬಂತು: ಈ ದತ್ತಾಂಶಕ್ಕೆ ನೆಟ್ಟಗಿನ ಗೆರೆಯೂ ಸಾಕು. ಅಂದರೆ ಯಾವ ಅನಿಲವೂ ಎದ್ದು ಕಾಣುತ್ತಿಲ್ಲ.

ಇನ್ನೊಂದು ತಕರಾರು ಇನ್ನೂ ಚೆನ್ನಾಗಿದೆ. ಲೂಯಿಸ್ ವೆಲ್‌ಬ್ಯಾಂಕ್ಸ್ ಅಂತ ಒಬ್ಬರು ಅರಿಜೋನಾದಲ್ಲಿದ್ದಾರೆ. ಇದೇ ಮಧುಸೂದನ್ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರು. ಅವರು ಮತ್ತು ಜೊತೆಗಾರರು ಹೇಳಿದ್ದು: ನೀವು ಕೆಲವೇ ಅಣುಗಳನ್ನು ಹಾಕಿ ನೋಡಿದಿರಿ, ಅದರಲ್ಲಿ ಇದು ಚೆನ್ನಾಗಿ ಹೊಂದಿತು. ಪಟ್ಟಿ ಉದ್ದ ಮಾಡಿದರೆ ಬೇರೆ ಎಷ್ಟೋ ಅಣುಗಳು ಅಷ್ಟೇ ಚೆನ್ನಾಗಿ ಹೊಂದುತ್ತವೆ. ಗುರುವಿನ ಲೆಕ್ಕವನ್ನು ಶಿಷ್ಯ ಎಲ್ಲರೆದುರು ಪ್ರಶ್ನೆ ಮಾಡಿದ. ಗುರು ತನ್ನ ವಾದ ಬಿಡಲಿಲ್ಲ. ಯಾರೂ ಯಾರನ್ನೂ ಮೋಸಗಾರ ಅನ್ನಲಿಲ್ಲ. ಹೈಸ್ಕೂಲ್ ಬೋರ್ಡಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ ಹೇಳಿ? ನಿಮ್ಮ ಗಣಿತದ ಮೇಷ್ಟ್ರಿಗೆ ಇಷ್ಟವಾಗದೇ ಇರಬಹುದು, ಅದು ಬೇರೆ ಮಾತು.

ಅನಿಲ ಇದೆ ಅಂತಲೇ ಇಟ್ಟುಕೊಂಡರೂ ಕತೆ ಮುಗಿಯುವುದಿಲ್ಲ. 67ಪಿ ಅನ್ನುವ ಧೂಮಕೇತುವಿನ ಹತ್ತಿರ ಹೋಗಿದ್ದ ರೊಸೆಟ್ಟಾ ನೌಕೆಯ ದತ್ತಾಂಶದಲ್ಲಿ ಇದೇ ಡೈಮೀಥೈಲ್ ಸಲ್ಫೈಡ್ ಸಿಕ್ಕಿದೆ. 2024ರಲ್ಲಿ ಪ್ರಕಟವಾಯಿತು. ಧೂಮಕೇತುವಿನಲ್ಲಿ ಪಾಚಿ ಇಲ್ಲವಲ್ಲ. ಹಾಗಾಗಿ ಜೀವ ಇಲ್ಲದೆಯೂ ಆ ಅನಿಲ ಹುಟ್ಟಬಹುದು.

ಸುದ್ದಿ ತಪ್ಪಾಗುವುದು ಸಾಮಾನ್ಯವಾಗಿ ಪ್ರಬಂಧದಲ್ಲಿ ಅಲ್ಲ, ತಲೆಬರಹದಲ್ಲಿ. ನಿಮ್ಮ ಕೆಂಪು ಪ್ರಶ್ನೆ ಚಿಹ್ನೆ ಸರಿಯಾಗೇ ಇದೆ. ಅದರ ಕೆಳಗೆ ‘ಮುಂದಿನ ಹಾಳೆ ನೋಡಿ’ ಅಂತ ಒಂದು ಬಾಣ ಹಾಕಿ ಸಾಕು.

---

ನಲ್ಲಿ_ಪಕ್ಕದ_ಮೇಷ್ಟ್ರು:

ಗ್ರಾಫ್ ಸಾಹೇಬರೇ, ಸ್ಕೇಲಿನ ಐಡಿಯಾ ಮನಸ್ಸಿಗೆ ಹಿಡಿಸಿತು. ಡ್ರಾಯಿಂಗ್ ಶೀಟ್ ಇದೆ, ಬಿಡಿಸುವ ಹುಡುಗರೂ ಇದ್ದಾರೆ.

ಎರಡು ವಿಷಯ ಕೇಳಬೇಕು. ಒಂದು, ‘ಮೂರು ಸಿಗ್ಮಾ’ ಅನ್ನುವುದನ್ನು ಒಂಬತ್ತನೇ ಕ್ಲಾಸಿಗೆ ಹೇಗೆ ಹೇಳುವುದು? ಸುದ್ದಿಯಲ್ಲಿ ‘99.7% ಖಚಿತ’ ಅಂತ ಬಂದಿತ್ತು. 99.7 ತೆಗೆದ ಹುಡುಗನಿಗೆ ನಾವು ಹಾರ ಹಾಕುತ್ತೇವೆ. ವಿಜ್ಞಾನಿಗಳಿಗೆ ಯಾಕೆ ಸಾಲದು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಎರಡು, ಇಂಥ ಜಗಳ ನಮ್ಮ ಕಡೆ ಎಲ್ಲಾದರೂ ಆಗಿದೆಯೇ? ಕೇಂಬ್ರಿಜ್, ಆಕ್ಸ್‌ಫರ್ಡ್ ಅಂದರೆ ಮಕ್ಕಳಿಗೆ ಅದೇ ಒಂದು ಬೇರೆ ಗ್ರಹ.

---

ಗ್ರಾಫ್_ಎಲ್ಲಿ:

‘99.7% ಖಚಿತ’ ಅಂತ ಬರೆದವರು ಅಲ್ಲೇ ಎಡವಿದ್ದಾರೆ. ಮೂರು ಸಿಗ್ಮಾ ಹೇಳುವುದು ಬೇರೆ. ಅಲ್ಲಿ ಏನೂ ಇಲ್ಲದಿದ್ದರೂ ಬರೀ ನಾಯ್ಸ್‌ನಿಂದ ಇಂಥ ಗ್ರಾಫ್ ಬರುವ ಸಾಧ್ಯತೆ ಸುಮಾರು 0.3%, ಅಷ್ಟೆ. ‘ಅನಿಲ ಇರುವ ಸಾಧ್ಯತೆ 99.7%’ ಅಂತ ಅಲ್ಲ.

ಮಕ್ಕಳಿಗೆ ನಾಣ್ಯ ಕೊಡಿ. ಸತತ ಎಂಟು ಸಲ ಹೆಡ್ ಬೀಳುವುದು 256ರಲ್ಲಿ ಒಂದು ಸಲ, ಅಂದರೆ ಸುಮಾರು 0.4%. ಮೂರು ಸಿಗ್ಮಾ ಹತ್ತಿರಹತ್ತಿರ ಅಷ್ಟೇ ಅಪರೂಪ. ಈಗ ಪ್ರಾರ್ಥನೆಗೆ ನಿಂತ ಇಡೀ ಶಾಲೆಗೆ ಎಂಟೆಂಟು ಸಲ ನಾಣ್ಯ ಚಿಮ್ಮಲು ಹೇಳಿ. 250 ಮಕ್ಕಳಿದ್ದರೆ ಸರಾಸರಿ ಒಬ್ಬರಿಗೆ ಎಂಟಕ್ಕೆ ಎಂಟೂ ಹೆಡ್ ಬೀಳುತ್ತದೆ. ಆ ಹುಡುಗನ ಕೈಯಲ್ಲಿ ಮಾಯೆ ಏನೂ ಇಲ್ಲ. ಪ್ರಪಂಚದಲ್ಲಿ ಎಷ್ಟು ತಂಡಗಳು, ಎಷ್ಟು ಗ್ರಹಗಳನ್ನು, ಎಷ್ಟು ಅಣುಗಳಿಗಾಗಿ ಹುಡುಕುತ್ತಿವೆ! ಎಲ್ಲೋ ಒಂದು ಕಡೆ ಎಂಟು ಹೆಡ್ ಬಿದ್ದೇ ಬೀಳುತ್ತದೆ. ಸುದ್ದಿಯಾಗುವುದೂ ಅದೇ. ಅದಕ್ಕೇ ಐದು ಸಿಗ್ಮಾ ಕೇಳುತ್ತಾರೆ. ಅದು ಸತತ ಇಪ್ಪತ್ತಕ್ಕೂ ಹೆಚ್ಚು ಹೆಡ್ ಬಿದ್ದ ಹಾಗೆ. ವೆಬ್‌ಗೆ ಇನ್ನೂ 16ರಿಂದ 24 ಗಂಟೆ ಸಮಯ ಸಿಕ್ಕರೆ ಆ ಮಟ್ಟ ಮುಟ್ಟಬಹುದು ಅಂತ ಮಧುಸೂದನ್ ತಂಡವೇ ಏಪ್ರಿಲ್‌ನಲ್ಲಿ ಹೇಳಿತ್ತು. ನಾವಿನ್ನೂ ಮುಟ್ಟಿಲ್ಲ ಅಂತ ಅವರೇ ಒಪ್ಪಿಕೊಂಡ ಹಾಗಾಯಿತಲ್ಲ. ಅದನ್ನು ಎಷ್ಟು ಜನ ಶೇರ್ ಮಾಡಿದರು?

ಎರಡನೇ ಪ್ರಶ್ನೆಗೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. 2018ರ ಜುಲೈ. ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು, ಪ್ರಬಂಧಗಳನ್ನು ಪ್ರಕಟಣೆಗೆ ಮುಂಚೆಯೇ ಹಾಕುವ ಜಾಲತಾಣ ಆರ್ಕೈವ್‌ನಲ್ಲಿ ಒಂದು ಪ್ರಬಂಧ ಹಾಕಿದರು. ಚಿನ್ನದ ಒಳಗೆ ಬೆಳ್ಳಿಯ ನ್ಯಾನೊ ಕಣ ಕೂರಿಸಿದ ವಸ್ತುವಿನಲ್ಲಿ, ಮೈನಸ್ 37 ಡಿಗ್ರಿಯಲ್ಲಿ, ವಿದ್ಯುತ್ ರೋಧ ಮಾಯವಾಗುತ್ತದೆ ಅಂತ. ಹೀಗೆ ರೋಧವೇ ಇಲ್ಲದ ವಸ್ತುಗಳ, ಅಂದರೆ ಸೂಪರ್‌ಕಂಡಕ್ಟರ್‌ಗಳ ಜಗತ್ತಿನಲ್ಲಿ ಮೈನಸ್ 37 ಅಂದರೆ ಸುಡು ಬಿಸಿಲು. ನಮ್ಮ ಲ್ಯಾಬಿನ ಟೀ ಟೇಬಲಿನಲ್ಲಿ ಬೇರೆ ಮಾತೇ ಇರಲಿಲ್ಲ.

ಆಗ ಎಂಐಟಿಯಲ್ಲಿದ್ದ ಬ್ರಯಾನ್ ಸ್ಕಿನ್ನರ್ ಆ ಗ್ರಾಫನ್ನು ದೊಡ್ಡದು ಮಾಡಿ ನೋಡಿದರು. ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ಮಾಡಿದ ಎರಡು ಅಳತೆಗಳು, ಎರಡು ಬಣ್ಣದ ಚುಕ್ಕಿಗಳು. ಅಳತೆಯಲ್ಲಿ ನಾಯ್ಸ್ ಇರುವುದು ಸಹಜ, ಚುಕ್ಕಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಕುಣಿಯುತ್ತದೆ. ಆದರೆ ಇಲ್ಲಿ ಎರಡೂ ಒಂದೇ ಥರ ಕುಣಿಯುತ್ತಿದ್ದವು. ಒಂದು ಕಡೆ ಮೇಲೆ ಹೋದಲ್ಲಿ ಇನ್ನೊಂದೂ ಮೇಲೆ, ಕೆಳಗೆ ಬಂದಲ್ಲಿ ಅದೂ ಕೆಳಗೆ. ಒಂದನ್ನು ಜಾರಿಸಿದರೆ ಇನ್ನೊಂದರ ಮೇಲೆ ಕೂರುತ್ತದೆ. ನಾಯ್ಸ್ ಅಂದರೆ ಎರಡು ಸಲ ಒಂದೇ ಥರ ಬರಬಾರದ್ದು. ಬಂದರೆ ಯಾಕೆ ಅಂತ ಕೇಳಲೇಬೇಕು. ಅವರು ಕೇಳಿದರು. ಬರೀ ಕಣ್ಣಿನಿಂದ ಹಿಡಿದ ವಿಷಯ ಇದು, ಯಾವ ದುಬಾರಿ ಯಂತ್ರವೂ ಬೇಕಾಗಲಿಲ್ಲ. 2019ರಲ್ಲಿ ಬೆಂಗಳೂರಿನ ಅದೇ ತಂಡ ಇನ್ನಷ್ಟು ಜನರ ಜೊತೆ, ಇನ್ನಷ್ಟು ಅಳತೆಗಳ ಜೊತೆ ಪ್ರಬಂಧವನ್ನು ತಿದ್ದಿ ಹಾಕಿತು. ಆದರೂ ಅದು ಎಲ್ಲರೂ ಒಪ್ಪಿದ ಶೋಧವಾಗಿ ನಿಲ್ಲಲಿಲ್ಲ.

ಆ ನಾಯ್ಸ್ ಗ್ರಾಫನ್ನೂ ಬಿಡಿಸಿ. ‘ಇದರಲ್ಲಿ ವಿಚಿತ್ರ ಏನಿದೆ?’ ಅಂತ ಒಂದೇ ಸಾಲು ಬರೆಯಿರಿ. ಉತ್ತರ ಬರೆಯಬೇಡಿ. ನೋಡೋಣ, ನಲ್ಲಿ ಪಕ್ಕ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ.

---

ಸಾಗರದ_ಆಕಾಶ:

ಗ್ರಾಫ್ ಅವರ ಮಾತೆಲ್ಲ ಸರಿ. ಆದರೆ ಅವರ ಉದಾಹರಣೆಗಳೆಲ್ಲ ಬೇರೆಯವರ ಯಂತ್ರದಲ್ಲಿ ಬಂದ ಗ್ರಾಫು. ಮಕ್ಕಳೇ ನೋಡಿ ತೀರ್ಮಾನ ಮಾಡಬಹುದಾದ ಸುದ್ದಿಯೂ ಇರುತ್ತದೆ. ನಾನು ಅದನ್ನೇ ಮೊದಲು ಶೇರ್ ಮಾಡುತ್ತೇನೆ.

2019ರ ಡಿಸೆಂಬರ್ ನೆನಪಿಸಿಕೊಳ್ಳಿ. ಆರಿದ್ರಾ ನಕ್ಷತ್ರ ಮಂಕಾಗುತ್ತಿದೆ ಅಂತ ಸುದ್ದಿ ಬಂತು. ನಮ್ಮ ಮಲೆನಾಡಿನವರಿಗೆ ಆರಿದ್ರಾ ಅಂದರೆ ಮಳೆ. ಆದರೆ ಅದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಭುಜದ ಕೆಂಪು ನಕ್ಷತ್ರ, ಬೀಟಲ್‌ಜ್ಯೂಸ್. ಸ್ವಲ್ಪ ದಿನದಲ್ಲೇ ‘ನಕ್ಷತ್ರ ಸಿಡಿಯಲಿದೆ, ಹಗಲಲ್ಲೂ ಕಾಣಲಿದೆ’ ಅಂತ ವಿಡಿಯೊಗಳು ಶುರುವಾದವು. ನಮ್ಮ ಊರಿನ ನಾಲ್ಕು ಜನ ಆಕಾಶ ನೋಡುವವರು ಒಂದು ಕೆಲಸ ಮಾಡಿದೆವು. ವಿಡಿಯೊ ಬಿಟ್ಟು ಅಂಗಳಕ್ಕೆ ಬಂದೆವು. ಮಹಾವ್ಯಾಧನ ಇನ್ನೊಂದು ಭುಜದಲ್ಲಿ ಬೆಲ್ಲಾಟ್ರಿಕ್ಸ್ ಇದೆ. ಅದರ ಕಾಂತಿಮಾನ 1.6. ಆರಿದ್ರಾ ಮಾಮೂಲಿಯಾಗಿ 0.5ರ ಆಸುಪಾಸು, ಅಂದರೆ ಎದ್ದು ಕಾಣುವಷ್ಟು ಹೆಚ್ಚು ಪ್ರಕಾಶ. (ಈ ಲೆಕ್ಕದಲ್ಲಿ ಅಂಕಿ ಜಾಸ್ತಿಯಾದಷ್ಟೂ ನಕ್ಷತ್ರ ಮಂಕು.) ಯಾವತ್ತೂ ಒಂದು ಭುಜ ಜೋರು, ಒಂದು ಭುಜ ಸಪ್ಪೆ. 2020ರ ಫೆಬ್ರುವರಿಯಲ್ಲಿ ನೋಡಿದರೆ ಎರಡೂ ಹೆಚ್ಚೂಕಡಿಮೆ ಒಂದೇ! ನಮ್ಮ ಮನೆಯ ಕೆಲಸಕ್ಕೆ ಬರುವ ಹುಡುಗನೂ ನೋಡಿ, “ಹೌದು, ಬಲಗಡೆದೂ ಎಡಗಡೆದೂ ಸಮ ಆಗಿದೆ” ಅಂದ. ಅವನಿಗೆ ಕಾಂತಿಮಾನ ಗೊತ್ತಿಲ್ಲ, ಅಗತ್ಯವೂ ಇರಲಿಲ್ಲ.

ಅಂದರೆ ಸುದ್ದಿಯ ಅರ್ಧ ಭಾಗ ನಮ್ಮ ಕಣ್ಣಿಗೇ ಖಚಿತವಾಯಿತು: ಮಂಕಾಗಿದ್ದು ನಿಜ. ಉಳಿದರ್ಧ, ಸಿಡಿಯುತ್ತದೆ ಅನ್ನುವುದು, ಯಾರೋ ಸೇರಿಸಿದ್ದು. ಏಪ್ರಿಲ್ ಹೊತ್ತಿಗೆ ಅದು ಮತ್ತೆ ಮೊದಲಿನ ಹಾಗಾಯಿತು. 2021ರಲ್ಲಿ ಕಾರಣವೂ ಪ್ರಕಟವಾಯಿತು. ನಕ್ಷತ್ರ ಉಗುಳಿದ ಅನಿಲ ಅದರ ತಣ್ಣಗಾದ ಭಾಗದ ಎದುರು ಧೂಳಾಗಿ ಗಟ್ಟಿಯಾಗಿ, ನಮ್ಮ ಕಡೆ ಬರುವ ಬೆಳಕಿಗೆ ಅಡ್ಡ ನಿಂತಿತ್ತು. ಮುಂದೆ ಒಂದು ದಿನ ಸಿಡಿಯುವುದು ಖಂಡಿತ. ಆದರೆ ಆ ‘ಒಂದು ದಿನ’ ಸಾವಿರಾರು ವರ್ಷ ಆಚೆ ಇರಬಹುದು, ಹೆಚ್ಚಿನವರ ಅಂದಾಜು ಲಕ್ಷ ವರ್ಷದ ಲೆಕ್ಕದಲ್ಲಿದೆ.

ಹಾಗಾಗಿ ಮೇಷ್ಟ್ರೇ, ಯಾವುದೇ ಸುದ್ದಿ ಹಾಕುವ ಮುಂಚೆ ನಾನು ಕೇಳಿಕೊಳ್ಳುವುದು ಒಂದೇ. ಇದರಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು? ಕೆ2-18ಬಿಯಲ್ಲೂ ಅಷ್ಟೇ ತಾನೇ? ಬೆಳಕು ಕಡಿಮೆಯಾದದ್ದು ಕಂಡದ್ದು. ಅನಿಲ ಅನ್ನುವುದು ಲೆಕ್ಕ. ಜೀವ ಅನ್ನುವುದು ಊಹೆಯ ಮೇಲಿನ ಊಹೆ. ನಾಲ್ಕು ಸಾಲು ಬೇಕು ಅಂದಿರಲ್ಲ, ಇದು ಮೂರೇ ಸಾಲಿಗೆ ಮುಗಿಯುತ್ತದೆ.

---

ಬೆಳಗಿನ_ವಾಕಿಂಗ್:

ಸರಿಯಪ್ಪಾ, ಕೀಳಬೇಡಿ ಅಂತಲೇ ಇಟ್ಟುಕೊಳ್ಳೋಣ. ಆದರೆ ನನ್ನ ಒಂದು ಮಾತು ಉಳಿದೇ ಇದೆ. ಶಾಲೆಯ ಬೋರ್ಡಿನಲ್ಲಿ ಎರಡನೇ ಹಾಳೆ ಚುಚ್ಚಬಹುದು. ವಾಟ್ಸಾಪಿನಲ್ಲಿ ಮೊದಲ ಹಾಳೆ ಆಗಲೇ ಹತ್ತು ಗ್ರೂಪಿಗೆ ಹೋಗಿರುತ್ತದೆ. ಅದರ ಹಿಂದೆ ಎರಡನೆಯದು ಓಡುವುದೇ ಇಲ್ಲ. ‘ಸಾಕ್ಷಿ ಸಾಲದು’ ಅನ್ನುವುದನ್ನು ಯಾರು ಫಾರ್ವರ್ಡ್ ಮಾಡುತ್ತಾರೆ?

---

ನಲ್ಲಿ_ಪಕ್ಕದ_ಮೇಷ್ಟ್ರು:

ವಾಕಿಂಗ್ ಸರ್, ನೀವು ಹೇಳಿದ್ದು ಖರೆ. ಪಾಲಕರ ಗ್ರೂಪಿಗೆ ಇನ್ನು ಮೇಲೆ ಬರೀ ಸುದ್ದಿ ಹಾಕುವುದಿಲ್ಲ. ಮನೆಯಲ್ಲಿ ಮಾಡಿ ನೋಡಬಹುದಾದದ್ದು ಇದ್ದರೆ ಮಾತ್ರ ಹಾಕುತ್ತೇನೆ. ನಾಣ್ಯದ ಲೆಕ್ಕ ಅಲ್ಲಿಗೆ ಸರಿ. ಜಗಳದ ಸುದ್ದಿಗಳು ಬೋರ್ಡಿಗೆ. ಅಲ್ಲಾದರೆ ನಾನು ಪಕ್ಕದಲ್ಲೇ ಇರುತ್ತೇನೆ, ಕೇಳಿದರೆ ಹೇಳಬಹುದು.

ಎರಡನೇ ಹಾಳೆ ಬರೆಯುವ ಕೆಲಸ ಆ ಹುಡುಗಿಗೇ ಕೊಟ್ಟಿದ್ದೇನೆ. ‘ಸುಳ್ಳು’ ಅಂತ ಬರೆಯುವ ಹಾಗಿಲ್ಲ, ಯಾರು ಏನು ಹೇಳಿದರು ಅಂತ ಬರೆಯಬೇಕು ಅಂದಿದ್ದೇನೆ. ಮುಖ ಸಣ್ಣ ಮಾಡಿಕೊಂಡಳು.

ಸಾಗರದ ಸಾಹೇಬರೇ, ಕಣ್ಣಿಗೆ ಕಾಣುವಂಥದ್ದು ಅಂದಿರಲ್ಲ. ಶೂನ್ಯ ನೆರಳಿನ ದಿನ (ಮಧ್ಯಾಹ್ನ ನೆಟ್ಟಗಿನ ಕೋಲಿಗೆ ನೆರಳೇ ಬೀಳದ ದಿನ) ಅಂತ ಪ್ರತಿ ವರ್ಷ ಬೆಂಗಳೂರಿನ ಸುದ್ದಿ ಬರುತ್ತದೆ. ಏಪ್ರಿಲ್ 24-25 ಅಂತ. ನಮ್ಮಲ್ಲಿಯೂ ಅದೇ ದಿನವೇ?

---

ಸಾಗರದ_ಆಕಾಶ:

ಅಲ್ಲ. ಈ ಸುದ್ದಿಯಲ್ಲಿ ಎಲ್ಲರೂ ಮಾಡುವ ಎಡವಟ್ಟು ಇದೇ. ಬೆಂಗಳೂರಿನ ತಾರೀಕನ್ನು ಬೀದರ್‌ವರೆಗೂ ಫಾರ್ವರ್ಡ್ ಮಾಡುತ್ತಾರೆ. ಸೂರ್ಯ ನೆತ್ತಿಯ ಮೇಲೆ ನೇರ ಬರುವ ದಿನ ಊರಿನ ಅಕ್ಷಾಂಶದ ಮೇಲೆ ನಿಂತಿದೆ. ಬೆಂಗಳೂರು 13 ಡಿಗ್ರಿ, ಹಾವೇರಿ 14.8 ಡಿಗ್ರಿ. ನಿಮ್ಮಲ್ಲಿ ಏಪ್ರಿಲ್ 30ರ ಹೊತ್ತಿಗೆ ಒಂದು ಸಲ, ಆಗಸ್ಟ್ 12-13ರ ಹೊತ್ತಿಗೆ ಇನ್ನೊಂದು ಸಲ. ಏಪ್ರಿಲ್‌ನಲ್ಲಿ ಬಿಸಿಲು ಇರುತ್ತದೆ, ಆದರೆ ಶಾಲೆಗೆ ರಜೆ. ಆಗಸ್ಟ್‌ನಲ್ಲಿ ಮಕ್ಕಳಿರುತ್ತಾರೆ, ಮೋಡವೂ ಇರುತ್ತದೆ. ಏನು ಮಾಡುವುದು!

ಸಮಯವೂ ಸರಿಯಾಗಿ 12 ಗಂಟೆ ಅಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಹಾವೇರಿ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದೆ. ಆಗಸ್ಟ್‌ನಲ್ಲಿ ನಿಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆ 33 ನಿಮಿಷದ ಸುಮಾರಿಗೆ. 12.20ರಿಂದಲೇ ಮಕ್ಕಳನ್ನು ನಿಲ್ಲಿಸಿ. ಒಂದು ಮೀಟರ್ ಉದ್ದದ ಪೈಪನ್ನು ತೂಗುದಾರ ಹಿಡಿದು ನೆಟ್ಟಗೆ ನಿಲ್ಲಿಸಿದರೆ ಸಾಕು. ಹಿಂದಿನ ದಿನ, ಮರುದಿನ ಮೋಡ ಇಲ್ಲದಿದ್ದರೆ ಅವತ್ತೂ ನೋಡಿ. ದಿನಕ್ಕೆ ನೆರಳು ಬದಲಾಗುವುದು ಸುಮಾರು ಅರ್ಧ ಸೆಂಟಿಮೀಟರ್ ಅಷ್ಟೇ, ಅದನ್ನೂ ಅಳೆಯಬಹುದು.

---

ಬೆಳಗಿನ_ವಾಕಿಂಗ್:

ಮೈಸೂರಿಗೆ ಯಾವತ್ತು?

---

ಸಾಗರದ_ಆಕಾಶ:

ಏಪ್ರಿಲ್ 22-23, ಆಮೇಲೆ ಆಗಸ್ಟ್ 20-21. ನಿಮ್ಮ ಮಂಗಳದ ಮೆಸೇಜ್ ಬರುವುದಕ್ಕೆ ಒಂದು ವಾರ ಮುಂಚೆ.

---

ಬೆಳಗಿನ_ವಾಕಿಂಗ್:

ಹಾಗಾದರೆ ಈ ಸಲ ಗ್ರೂಪಿನಲ್ಲಿ ಅದಕ್ಕಿಂತ ಮುಂಚೆ ನಾನೇ ಇದನ್ನು ಹಾಕುತ್ತೇನೆ. ಮಧ್ಯಾಹ್ನದ ಬಿಸಿಲಲ್ಲಿ ಎಷ್ಟು ಜನ ಮೇಲೆ ಬರುತ್ತಾರೋ ನೋಡಬೇಕು. ಟೆರೇಸ್ ಬೀಗದ ಕೈ ಸೆಕ್ರೆಟರಿ ಹತ್ತಿರ ಇದೆ, ಅವರನ್ನು ಒಪ್ಪಿಸುವುದೇ ದೊಡ್ಡ ಕೆಲಸ.